ಹಳೆ ಕಾರಿನ ಸೀಟು ಜಾಮ್ ಆಗಿದೆಯೇ? ಎಣ್ಣೆ ಬಿಡುವ ಮುನ್ನ ಇದನ್ನು ಓದಿ

“ಹಳೆ ಕಾರಿನ ಸೀಟು ಹಿಂದಕ್ಕೆ ಬಾಗುತ್ತಿಲ್ಲವೇ? ಎರಡು ಚಮಚ ಕೊಬ್ಬರಿ ಎಣ್ಣೆ ಬಿಡಿ, ಎರಡೇ ನಿಮಿಷದಲ್ಲಿ ಸರಿ!” “ಕೋಲಾ ಸುರಿಯಿರಿ, ತುಕ್ಕು ಕರಗಿ ಹೋಗುತ್ತದೆ.” “ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಸಾಕು.”

ಹಳೆ ಕಾರು ಇಟ್ಟುಕೊಂಡವರ ಮೊಬೈಲಿಗೆ ಇಂಥ ಸಲಹೆಗಳು ಬರುತ್ತಲೇ ಇರುತ್ತವೆ. ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು, ಒಂದೆರಡು ಜೀವಕ್ಕೇ ಅಪಾಯ. ಆದರೆ ಎಲ್ಲದರಲ್ಲೂ ಕಾಣುವ ಕೊರತೆ ಒಂದೇ. ಸಿಕ್ಕಿಕೊಂಡ ಸೀಟನ್ನು ಬಿಡಿಸುವುದು ಹೇಗೆಂದು ಇವು ಹೇಳುತ್ತವೆ, ಬಿಡಿಸಿದ ಮೇಲೆ ಅದು ಮತ್ತೆ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ನೋಡುವುದು ಹೇಗೆಂದು ಹೇಳುವುದಿಲ್ಲ.

ನೆಟ್ಟಗೆ ನಿಂತು ಜಾಮ್ ಆದ ಸೀಟು ತೊಂದರೆ ಕೊಡುತ್ತದೆ, ಅಷ್ಟೆ. ಅರ್ಧಂಬರ್ಧ ರಿಪೇರಿಯಾಗಿ, ಬೀಗ ಬಿದ್ದಂತೆ ಕಂಡು, ಓಡುವಾಗ ತಟ್ಟನೆ ಹಿಂದಕ್ಕೆ ಬೀಳುವ ಸೀಟು ಪ್ರಾಣ ತೆಗೆಯಬಲ್ಲದು. ಈ ಎರಡರ ನಡುವಿನ ವ್ಯತ್ಯಾಸವನ್ನು ಇಲ್ಲಿ ಸರಳವಾಗಿ ವಿವರಿಸುತ್ತೇವೆ.

ಯಾವ ಕಾರುಗಳ ಮಾತು ಇದು?

‘ಕ್ಲಾಸಿಕ್ ಕಾರು’ ಎಂದರೆ ಮಹಾರಾಜರ ಕಾಲದ ರೋಲ್ಸ್ ರಾಯ್ಸ್ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಕಡೆಯ ಹಳೆ ಕಾರುಗಳೆಂದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾಂಟೆಸ್ಸಾ, ಮಾರುತಿ 800. ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಕಾಂಟೆಸ್ಸಾ 1984ರಲ್ಲಿ ಬಂದು 2002ರಲ್ಲಿ ನಿಂತಿತು. ಮೊದಲ ಮಾರುತಿ 800 ಗ್ರಾಹಕರ ಕೈಗೆ ಸಿಕ್ಕಿದ್ದು 1983ರ ಡಿಸೆಂಬರ್ 14ರಂದು.

ಕಾನೂನಿನ ಲೆಕ್ಕ ಬೇರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನ ಮಾತ್ರ ‘ವಿಂಟೇಜ್’. ಹಾಗೆ ನೋಂದಣಿ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗಿಳಿಯಬಹುದು. ಆ ಲೆಕ್ಕದಲ್ಲಿ ಅತಿ ಹಳೆಯ ಮಾರುತಿ 800 ಕೂಡ 2033ರವರೆಗೆ ವಿಂಟೇಜ್ ಆಗುವುದಿಲ್ಲ.

ಅಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ರಸ್ತೆಯಲ್ಲೋ ಕಮಲಾಪುರದ ಬಸ್ ನಿಲ್ದಾಣದ ಬಳಿಯೋ ಕಾಣುವ ಹಳೆ ಕಾರು ಪ್ರದರ್ಶನದ ವಸ್ತುವಲ್ಲ. ಮಕ್ಕಳನ್ನು, ಮುದುಕರನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡುವ ವಾಹನ ಅದು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ವಾಹನ ಸುಸ್ಥಿತಿಯಲ್ಲಿದೆಯೇ ಎಂಬ ತಪಾಸಣೆಯೂ ಆಗಬೇಕು. ಬ್ರೇಕು, ದೀಪ, ಟೈರಿನ ಬಗ್ಗೆ ನಾವು ಗಮನ ಕೊಡುತ್ತೇವೆ. ಸೀಟು ಮಾತ್ರ ಕುಶನ್ ಅಂಗಡಿಯ ವಿಷಯ ಎಂದು ಬಿಟ್ಟುಬಿಡುತ್ತೇವೆ.

ಮೊದಲಿಗೆ ಒಂದು ಮಾತು. ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಮುಂದೆ ಒಂದೇ ಉದ್ದ ಬೆಂಚ್ ಸೀಟು ಇರುವುದು ಸಾಮಾನ್ಯ. ಆ ಸೀಟು ಹಿಂದೆ-ಮುಂದೆ ಜರುಗುತ್ತದೆ, ಹಿಂದಕ್ಕೆ ಬಾಗುವುದಿಲ್ಲ. ನಿಮ್ಮ ಕಾರಿನಲ್ಲಿ ಅಂಥ ಸೀಟಿದ್ದರೆ ಬಾಗಿಸುವ ಹಿಡಿಕೆ ಹುಡುಕಿ ಕಿತ್ತು ನೋಡುವ ಅಗತ್ಯವಿಲ್ಲ. ಆದರೆ ಇಂಥ ಎಷ್ಟೋ ಕಾರುಗಳಿಗೆ ಆಮೇಲೆ ಬೇರೆ ಕಾರಿನ ಬಿಡಿ ಸೀಟು ಕೂರಿಸಿರುತ್ತಾರೆ. ಆಗ ರಿಪೇರಿ ಮಾಡುವ ಮುನ್ನ ಅದು ಯಾವ ಕಾರಿನ ಸೀಟು ಎಂದು ತಿಳಿಯಬೇಕು.

ಸೀಟು ಬಾಗುವುದು ಹೇಗೆ?

ಬಾಗುವ ಸೀಟಿನ ಬುಡದಲ್ಲಿ, ಬೆನ್ನು ಮತ್ತು ಕೂರುವ ಭಾಗ ಸೇರುವ ಕಡೆ, ‘ರಿಕ್ಲೈನರ್’ ಎಂಬ ಕಬ್ಬಿಣದ ಜೋಡಣೆ ಇರುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಹಿಡಿಕೆಯದ್ದು. ಮಾರುತಿ 800ರಂಥ ಕಾರುಗಳಲ್ಲಿ ಸೀಟಿನ ಪಕ್ಕ ಇರುವುದು ಇದೇ. ಒಳಗೆ ಅರ್ಧಚಂದ್ರಾಕಾರದ, ಗರಗಸದಂತೆ ಹಲ್ಲುಗಳಿರುವ ಒಂದು ಪಟ್ಟಿ. ಆ ಹಲ್ಲುಗಳನ್ನು ಕಚ್ಚಿ ಹಿಡಿಯುವ ಒಂದು ಕೊಕ್ಕೆ. ಕೊಕ್ಕೆಯನ್ನು ಸದಾ ಹಲ್ಲಿನ ಮೇಲೆ ಒತ್ತುವ ಸಣ್ಣ ಸ್ಪ್ರಿಂಗು. ಜೊತೆಗೆ ಸೀಟಿನ ಬೆನ್ನನ್ನು ಮುಂದಕ್ಕೆ ತಳ್ಳುವ ಬಲವಾದ ಸುರುಳಿ ಸ್ಪ್ರಿಂಗು. ಹಿಡಿಕೆ ಎತ್ತಿದರೆ ಕೊಕ್ಕೆ ಮೇಲೇಳುತ್ತದೆ, ಬೆನ್ನು ಸಡಿಲವಾಗುತ್ತದೆ. ಹಿಡಿಕೆ ಬಿಟ್ಟರೆ ಕೊಕ್ಕೆ ಇನ್ನೊಂದು ಹಲ್ಲಿನ ಸಂದಿಗೆ ಬಿದ್ದು ‘ಟಕ್’ ಎನ್ನುತ್ತದೆ. ಕೆಲವು ಸೀಟುಗಳಲ್ಲಿ ಎರಡೂ ಬದಿಗೆ ಇಂಥ ಬೀಗ ಇರುತ್ತದೆ. ಒಂದು ಬದಿಯ ಹಿಡಿಕೆ ಇನ್ನೊಂದು ಬದಿಯ ಕೊಕ್ಕೆಯನ್ನು ಸರಳಿನಿಂದಲೋ ತಂತಿಯಿಂದಲೋ ಎಳೆಯುತ್ತದೆ.

ಎರಡನೆಯದು ಗುಂಡನೆಯ ತಿರುಗುಣಿಯದ್ದು. ತಿರುಗಿಸಿದಷ್ಟು ಸೀಟು ನಿಧಾನಕ್ಕೆ ಬಾಗುತ್ತದೆ. ಒಳಗೆ ಮುಚ್ಚಿದ ಗೇರುಗಳಿರುತ್ತವೆ. ಇದು ಜಾಮ್ ಆದರೆ ಇಕ್ಕಳ ಹಾಕಿ ತಿರುಗಿಸಬಾರದು, ತಿರುಗುಣಿಯ ಪ್ಲಾಸ್ಟಿಕ್ ಒಡೆಯುತ್ತದೆ, ಗೇರು ಬಿಡುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಸೀಟಿನ ಬೆನ್ನಿನ ಮೇಲ್ಭಾಗ ತಿರುಗುವ ಬೋಲ್ಟಿನಿಂದ ಸುಮಾರು 60 ಸೆಂ.ಮೀ. ಮೇಲಿದೆ, ಹಲ್ಲುಪಟ್ಟಿ ಆ ಬೋಲ್ಟಿನಿಂದ 5 ಸೆಂ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಆಗ ಮೇಲ್ಭಾಗವನ್ನು 10 ಕಿಲೊ ಭಾರದಷ್ಟು ತಳ್ಳಿದರೆ ಹಲ್ಲಿನ ಮೇಲೆ ಬೀಳುವುದು 120 ಕಿಲೊ ಭಾರದಷ್ಟು ಒತ್ತಡ. ಹಾರೆಯಿಂದ ಬಂಡೆ ಮೀಟುವ ತತ್ವವೇ ಇದು.

ಈ ಲೆಕ್ಕ ಎರಡು ವಿಷಯ ಹೇಳುತ್ತದೆ. ಒಂದು, ಬೆನ್ನಿಗೆ ಒರಗಿಕೊಂಡೇ ಹಿಡಿಕೆ ಎಳೆದರೆ ಸರಿಯಿರುವ ಸೀಟೂ ಬಿಡದೇ ಹೋಗಬಹುದು. ನಿಮ್ಮದೇ ಭಾರ ಕೊಕ್ಕೆಯನ್ನು ಹಲ್ಲಿನೊಳಗೆ ಬಿಗಿಯಾಗಿ ಅದುಮಿ ಹಿಡಿದಿರುತ್ತದೆ. ಎರಡು, ಇಷ್ಟು ಭಾರ ಹೊರುವ ಹಲ್ಲು ಸವೆದಿದ್ದರೆ, ಚೂರು ಎದ್ದಿದ್ದರೆ, ಅರ್ಧ ಮಾತ್ರ ಕಚ್ಚಿದ್ದರೆ ಏನಾದೀತು ಎಂದು ಯೋಚಿಸಿ.

ನಮ್ಮ ಕಡೆ ಸೀಟು ಜಾಮ್ ಆಗುವುದೇಕೆ?

ಕಾರಣ ಬರೀ ತುಕ್ಕಲ್ಲ. ಗ್ಯಾರೇಜಿನಲ್ಲಿ “ಜಂಗ ಹಿಡದದ ಅಣ್ಣಾರ, ಎಣ್ಣಿ ಬಿಡ್ರಿ, ತಾನೇ ಬಿಡ್ತದ” ಎಂಬ ಮಾತು ಕೇಳಬಹುದು. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಬೇರೆ ಕಾರಣಗಳೂ ಇವೆ.

ಬಿಸಿಲು: ಕಲಬುರಗಿಯ ಬೇಸಿಗೆ 42 ಡಿಗ್ರಿ ದಾಟುವುದು ಹೊಸದೇನಲ್ಲ. ಬಿಸಿಲಲ್ಲಿ ನಿಲ್ಲಿಸಿ ಗಾಜು ಏರಿಸಿದ ಕಾರಿನೊಳಗೆ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಗ್ರೀಸ್ ಎಂದರೆ ಒಂದು ಬಗೆಯ ಸೋಪಿನಲ್ಲಿ ಹಿಡಿದಿಟ್ಟ ಎಣ್ಣೆ. ವರ್ಷಗಟ್ಟಲೆ ಬಿಸಿ ತಾಗಿದರೆ ಎಣ್ಣೆ ಸೋರಿಹೋಗಿ, ಒಣಗಿದ ಮೇಣದಂಥ ಪದಾರ್ಥ ಉಳಿಯುತ್ತದೆ. ಅದು ಜಾರಿಸುವುದಿಲ್ಲ, ಅಂಟಿಸುತ್ತದೆ.

ಧೂಳು: ಇದು ಸುಣ್ಣಕಲ್ಲಿನ ಸೀಮೆ. ಶಹಾಬಾದ್ ಕಲ್ಲಿನ ಗಣಿಗಳು, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಇಲ್ಲಿವೆ. ನುಣ್ಣನೆಯ ಕಲ್ಲಿನ ಧೂಳು ಗ್ರೀಸಿಗೆ ಸೇರಿದರೆ ಅದು ಸಾಣೆ ಹಿಡಿಯುವ ಪೇಸ್ಟಿನಂತೆ ಹಲ್ಲುಗಳನ್ನು ಸವೆಸುತ್ತದೆ. ಸಿಮೆಂಟ್ ಧೂಳಾದರೆ ಮಳೆಗಾಲದ ತೇವಕ್ಕೆ ಗಟ್ಟಿಯೂ ಆಗುತ್ತದೆ.

ನಿಂತೇ ಇರುವ ಕಾರು: ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸುಮಾರು 35 ಕಿ.ಮೀ. ದೂರದ ಕಮಲಾಪುರದಂಥ ಊರುಗಳಲ್ಲಿ ಹಳೆ ಕಾರು ಪತ್ರಾಸಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲುವುದುಂಟು. ಪಕ್ಕದಲ್ಲೇ ಕಾಳಿನ ಚೀಲಗಳಿದ್ದರೆ ಇಲಿಗಳೂ ಇರುತ್ತವೆ. ಸೀಟಿನ ಸ್ಪಂಜು ಅವುಗಳಿಗೆ ಒಳ್ಳೆಯ ಗೂಡು. ಇಲಿ ತಂತಿ ಕಡಿಯುತ್ತದೆ, ಅದರ ಮೂತ್ರದ ಉಪ್ಪಿನಂಶ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತದೆ. ಇಲಿಜ್ವರ ಹರಡುವುದು ಇಲಿಯ ಮೂತ್ರದಿಂದಲೇ. ಹಾಗಾಗಿ ಇಂಥ ಸೀಟಿನ ಕೆಳಗೆ ಬರಿಗೈ ಹಾಕಬೇಡಿ, ಕೈಗವಸು ಮತ್ತು ಮಾಸ್ಕ್ ಇರಲಿ.

ಭಾರ: ಸಂತೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ತೊಗರಿ ಚೀಲ ತುರುಕಿ, ಮುಂದಿನ ಸೀಟಿನ ಬೆನ್ನಿಗೆ ಆನಿಸಿದರೆ ಸೀಟಿನ ಚೌಕಟ್ಟೇ ಸೊಟ್ಟಗಾಗಬಹುದು. ಆಗ ಎರಡು ಬದಿಯ ಬೀಗಗಳು ಒಂದೇ ಸಾಲಿಗೆ ಬರುವುದಿಲ್ಲ. ಇದಕ್ಕೆ ಯಾವ ಎಣ್ಣೆಯೂ ಮದ್ದಲ್ಲ.

ಸಣ್ಣಪುಟ್ಟ ವಸ್ತು: ನಾಣ್ಯ, ಪೆನ್ನು, ಅಡಿಕೆ ಚೂರು, ಮಕ್ಕಳ ಆಟಿಕೆ. ಹೊಸದಾಗಿ ಹಾಕಿಸಿದ ಬಿಗಿ ಸೀಟ್ ಕವರ್ ಕೂಡ ಹಿಡಿಕೆಯನ್ನು ಪೂರ್ತಿ ಏಳಲು ಬಿಡದಿರಬಹುದು.

ಫಾರ್ವರ್ಡ್ ಹೇಳುವುದೇನು, ನಿಜವೇನು?

“ಕೊಬ್ಬರಿ ಎಣ್ಣೆ ಅಥವಾ ಅಡುಗೆ ಎಣ್ಣೆ ಬಿಡಿ.”
ಆ ಹೊತ್ತಿಗೆ ಸ್ವಲ್ಪ ಜಾರಬಹುದು. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮ ಚಳಿಗಾಲದ ರಾತ್ರಿಗೆ ಅಷ್ಟು ಸಾಕು. ಈ ಭಾಗದ ಮನೆಗಳಲ್ಲಿ ಬಳಸುವ ಕುಸುಬಿ ಎಣ್ಣೆಯಂತೂ ಈ ಕೆಲಸಕ್ಕೆ ಬೇಡವೇ ಬೇಡ. ಕುಸುಬಿ, ಅಗಸಿ ಎಣ್ಣೆಗಳು ಗಾಳಿ ತಾಗಿ ಅಂಟಾಗಿ ಒಣಗುವ ಜಾತಿಯವು. ಅದಕ್ಕೇ ಅವನ್ನು ಬಣ್ಣ, ವಾರ್ನಿಶ್‌ಗಳಲ್ಲಿ ಬಳಸುತ್ತಾರೆ. ಅಡುಗೆಮನೆಯ ಎಣ್ಣೆ ಡಬ್ಬಿಯ ಹೊರಮೈ ಕೆಲವು ತಿಂಗಳಲ್ಲಿ ಹೇಗೆ ಜಿಗುಟಾಗುತ್ತದೋ ಸೀಟಿನ ಹಲ್ಲುಪಟ್ಟಿಯೂ ಹಾಗೇ ಆಗುತ್ತದೆ. ಈ ಅಂಟು ಕೊಕ್ಕೆಯನ್ನು ಅರ್ಧದಲ್ಲೇ ಹಿಡಿದಿಟ್ಟರೆ ಬೀಗ ಪೂರ್ತಿ ಬೀಳುವುದಿಲ್ಲ.

“ಕೋಲಾ ಸುರಿದರೆ ತುಕ್ಕು ಮಾಯ.”
ಅರ್ಧ ನಿಜ. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಸ್ವಲ್ಪ ಇರುತ್ತದೆ, ಅದು ತುಕ್ಕನ್ನು ನಿಧಾನಕ್ಕೆ ಕರಗಿಸುತ್ತದೆ. ಬಿಚ್ಚಿದ ನಟ್ಟನ್ನು ರಾತ್ರಿಯಿಡೀ ನೆನೆಹಾಕಿದರೆ ಪರಿಣಾಮ ಕಾಣಬಹುದು. ಆದರೆ ಸೀಟಿನ ಸಂದಿಗೆ ಸುರಿದ ಕೋಲಾ ಅಲ್ಲಿ ನಿಲ್ಲದೆ ಸ್ಪಂಜಿಗೆ ಇಳಿಯುತ್ತದೆ. ಉಳಿಯುವುದು ಸಕ್ಕರೆ ಅಂಟು, ಇರುವೆ, ಮತ್ತೆ ಹೊಸ ತುಕ್ಕು.

“ಡಬ್ಲ್ಯುಡಿ-40 ಹೊಡೆದರೆ ಕೆಲಸ ಮುಗಿಯಿತು.”
ಇದೂ ಅರ್ಧ ನಿಜ. ಈ ಹೆಸರೇ ‘ನೀರು ಹೊರಹಾಕುವ 40ನೇ ಸೂತ್ರ’ ಎಂಬ ಇಂಗ್ಲಿಷ್ ಮಾತಿನ ಕಿರುರೂಪ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಾದ ಇದನ್ನು ಮೊದಲು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ಬಳಸಿದರು. ಇಂಥ ತೆಳು ಎಣ್ಣೆಗಳು ಕೂದಲೆಳೆಯಷ್ಟು ಸಂದಿಗೂ ನುಗ್ಗುತ್ತವೆ. ದೀಪದ ಬತ್ತಿ ಎಣ್ಣೆ ಹೀರುವಂತೆಯೇ ಅದು. ಸಿಕ್ಕಿಕೊಂಡದ್ದನ್ನು ಬಿಡಿಸಲು ಒಳ್ಳೆಯದು. ಆದರೆ ಅದರ ಬಹುಭಾಗ ಆವಿಯಾಗಿ ಹೋಗುತ್ತದೆ. ಬಿಡಿಸಿದ ಮೇಲೆ ಒರೆಸಿ ಗ್ರೀಸ್ ಹಚ್ಚದಿದ್ದರೆ ಕೆಲ ತಿಂಗಳಲ್ಲಿ ಮತ್ತೆ ಅದೇ ಕಥೆ.

“ಪೆಟ್ರೋಲ್ ಅಥವಾ ಸೀಮೆಎಣ್ಣೆಯಿಂದ ತೊಳೆಯಿರಿ.”
ಇದು ಅಪಾಯ. ಪೆಟ್ರೋಲಿನ ಆವಿ ಸೊನ್ನೆಗಿಂತ ಕೆಳಗಿನ ತಾಪದಲ್ಲೂ ಕಿಡಿ ತಾಗಿದರೆ ಹೊತ್ತುತ್ತದೆ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಲು ಸುಮಾರು 38 ಡಿಗ್ರಿ ಬೇಕು. ತಂಪು ಊರಿನಲ್ಲಿ ಅದು ಅಷ್ಟು ಬೇಗ ಹೊತ್ತುವುದಿಲ್ಲ ಎಂದು ಧೈರ್ಯ ಹೇಳಬಹುದೇನೋ, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಆ ಧೈರ್ಯಕ್ಕೆ ಆಧಾರವಿಲ್ಲ. ಮುಚ್ಚಿದ ಕಾರು, ಒಣ ಸ್ಪಂಜು, ಹಳೆ ವೈರಿಂಗಿನ ಒಂದು ಕಿಡಿ ಸೇರಿದರೆ ಸಾಕು.

“ಗ್ಯಾಸ್ ಉರಿಯಿಂದ ಬಿಸಿ ಮಾಡಿ, ಇಲ್ಲವೇ ನೆಟ್ಟಗಿಟ್ಟು ವೆಲ್ಡಿಂಗ್ ಮಾಡಿಸಿ.”
ಸೀಟಿನ ಸ್ಪಂಜು ಸುಟ್ಟರೆ ವಿಷಗಾಳಿ ಬರುತ್ತದೆ, ಅದರಲ್ಲಿ ಸಯನೈಡ್ ಅನಿಲವೂ ಇರುತ್ತದೆ. ಹಲ್ಲುಪಟ್ಟಿಯ ಉಕ್ಕನ್ನು ಕಾರ್ಖಾನೆಯಲ್ಲಿ ಕಾಯಿಸಿ ಗಡಸು ಮಾಡಿರುತ್ತಾರೆ. ಅದನ್ನು ಮತ್ತೆ ಕೆಂಪಗೆ ಕಾಯಿಸಿದರೆ ಆ ಗಡಸು ಹೋಗುತ್ತದೆ. ತೆಳು ತಗಡಿನ ಚೌಕಟ್ಟಿಗೆ ಹಾಕಿದ ವೆಲ್ಡಿಂಗ್ ನೋಡಲು ಗಟ್ಟಿಯಾಗಿ ಕಂಡರೂ ಪಕ್ಕದಲ್ಲೇ ಬಿರುಕು ಬಿಡಬಹುದು.

“ಸುತ್ತಿಗೆಯಿಂದ ಬಡಿಯಿರಿ.”
ಹಲ್ಲು ಚೂರೇಳುತ್ತದೆ. ಇನ್ನೊಂದು ಅಪಾಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಸುರುಳಿ ಸ್ಪ್ರಿಂಗು ಬಿಗಿದುಕೊಂಡೇ ಕೂತಿರುತ್ತದೆ. ಕೊಕ್ಕೆ ತಟ್ಟನೆ ಬಿಟ್ಟರೆ ಸೀಟಿನ ಬೆನ್ನು ಮುಂದಕ್ಕೆ ಚಿಮ್ಮಿ, ಬಗ್ಗಿ ನೋಡುತ್ತಿರುವವರ ಮುಖಕ್ಕೆ ಬಡಿಯುತ್ತದೆ. ಬೆರಳು ಸಂದಿಯಲ್ಲಿದ್ದರೆ ಜಜ್ಜಿಹೋಗುತ್ತದೆ.

“ಹಿಂದೆ ಪೆಟ್ಟಿಗೆ, ದಿಂಬು ಇಟ್ಟು ಆನಿಸಿ, ಇಲ್ಲವೇ ಹಗ್ಗ ಕಟ್ಟಿ.”
ಕಾರು ನಿಂತಿರುವಾಗ ಇದು ಸಾಕು. ಓಡುವ ಕಾರಿನಲ್ಲಿ ಬ್ರೇಕ್ ಹಾಕಿದಾಗ ಪೆಟ್ಟಿಗೆ ಜರುಗುತ್ತದೆ, ಹಗ್ಗ ಸಡಿಲವಾಗುತ್ತದೆ. ಹಿಂದೆ ಕೂತವರ ಮೊಣಕಾಲ ಮೇಲೆ ಸೀಟು ಬೀಳುತ್ತದೆ.

ಹಾಗಾದರೆ ಬಿಡಿಸುವುದು ಹೇಗೆ?

ಶುರು ಮಾಡುವ ಮುನ್ನ ಒಂದು ಎಚ್ಚರಿಕೆ. ಈ ಕ್ರಮ ಏರ್‌ಬ್ಯಾಗ್ ಇಲ್ಲದ ಹಳೆ ಕಾರಿನ ಸೀಟಿಗೆ ಮಾತ್ರ. ಸೀಟಿನ ಕೆಳಗೆ ಹಳದಿ ಬಣ್ಣದ ವೈರ್ ಕನೆಕ್ಟರ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಹೊಸ ಕಾರುಗಳಲ್ಲಿ ಏರ್‌ಬ್ಯಾಗ್ ಅಥವಾ ಬೆಲ್ಟ್ ಬಿಗಿಯುವ ಸಾಧನಕ್ಕೆ ಹೋಗುವ ವೈರಿಗೆ ಆ ಬಣ್ಣ ಇರುತ್ತದೆ. ಹಳೆ ಕಾರಿನ ವಿಡಿಯೊ ನೋಡಿ ಹೊಸ ಕಾರಿನ ಸೀಟು ಬಿಚ್ಚಲು ಹೋಗಬೇಡಿ.

1. ಭಾರ ತೆಗೆಯಿರಿ. ಸೀಟಿನಲ್ಲಿ ಮುಂದಕ್ಕೆ ಬಾಗಿ ಕೂತು, ಬೆನ್ನು ತಾಗಿಸದೆ ಹಿಡಿಕೆ ಎತ್ತಿ ಹಿಡಿಯಿರಿ. ಇನ್ನೊಂದು ಕೈಯಿಂದ ಸೀಟಿನ ಬೆನ್ನನ್ನು ನಿಧಾನಕ್ಕೆ ಹಿಂದೆ-ಮುಂದೆ ಅಲುಗಾಡಿಸಿ. ಬರೀ ಭಾರಕ್ಕೆ ಸಿಕ್ಕಿಕೊಂಡಿದ್ದರೆ ಇಷ್ಟರಲ್ಲೇ ಬಿಡುತ್ತದೆ.

2. ಬೆಳಕು ಬಿಟ್ಟು ನೋಡಿ. ಮೊಬೈಲ್ ಟಾರ್ಚ್ ಹಿಡಿದು ಸಂದಿಯಲ್ಲಿ ಏನಾದರೂ ಸಿಕ್ಕಿದೆಯೇ ನೋಡಿ. ಸೀಟ್ ಕವರ್ ಸಡಿಲಿಸಿ ಇನ್ನೊಮ್ಮೆ ಪ್ರಯತ್ನಿಸಿ.

3. ಹಿಡಿಕೆ ಏನು ಹೇಳುತ್ತದೆ ಎಂದು ಗಮನಿಸಿ. ಹಿಡಿಕೆ ಅಲುಗಾಡುವುದೇ ಇಲ್ಲವೆಂದರೆ ತುಕ್ಕು ಅಥವಾ ಒಣ ಗ್ರೀಸ್ ಇರಬಹುದು. ಹಿಡಿಕೆ ತಡೆಯಿಲ್ಲದೆ ಸಡಿಲವಾಗಿ ಆಡುತ್ತಿದ್ದರೆ ಒಳಗಿನ ಸರಳು, ತಂತಿ ಅಥವಾ ಸ್ಪ್ರಿಂಗು ಕಳಚಿದೆ ಇಲ್ಲವೇ ತುಂಡಾಗಿದೆ. ಅದಕ್ಕೆ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ. ಒಂದು ಬದಿ ಬಿಟ್ಟು ಇನ್ನೊಂದು ಬದಿ ಹಿಡಿದುಕೊಂಡು ಸೀಟು ತಿರುಚಿದಂತಾದರೆ ಎರಡು ಬೀಗಗಳ ನಡುವಿನ ಸಂಪರ್ಕ ಕೆಟ್ಟಿದೆ.

4. ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಹಳೆ ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿರುತ್ತದೆ, ಎಳೆಯುವ ಮುನ್ನ ಸ್ಕ್ರೂ ಎಲ್ಲಿದೆ ನೋಡಿ. ಇಲ್ಲಿಂದ ಮುಂದೆ ಇನ್ನೊಬ್ಬರು ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದಿರಲೇಬೇಕು. ಸುರುಳಿ ಸ್ಪ್ರಿಂಗನ್ನು ಮನೆಯಲ್ಲಿ ಬಿಚ್ಚಬೇಡಿ.

5. ತೆಳು ಎಣ್ಣೆ, ತಾಳ್ಮೆ. ಬಾಗಿಲು ತೆರೆದಿಡಿ, ಸ್ಪಂಜಿಗೆ ಹಳೆ ಪತ್ರಿಕೆ ಅಡ್ಡ ಇಡಿ, ಹತ್ತಿರ ಬೀಡಿ-ಸಿಗರೇಟು ಬೇಡ. ತಿರುಗುವ ಬೋಲ್ಟು, ಕೊಕ್ಕೆಯ ಬುಡಕ್ಕೆ ಕೆಲವೇ ಹನಿ ಬಿಡಿ. ಅರ್ಧ ಗಂಟೆ ಬಿಟ್ಟು ಮತ್ತೆ ಕೆಲವು ಹನಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಹಾಗಾಗಿಯೇ ಸಂದಿ ಬಿಗಿಯುತ್ತದೆ. ಎಣ್ಣೆ ಅದರೊಳಗೆ ಇಳಿಯಲು ಹೊತ್ತು ಬೇಕು. ‘ಎರಡೇ ನಿಮಿಷ’ ಎನ್ನುವ ಮಾತು ಸುಳ್ಳಾಗುವುದು ಇಲ್ಲೇ.

6. ಒರೆಸಿ, ಉಜ್ಜಿ, ಮತ್ತೆ ಒರೆಸಿ. ಬಿಟ್ಟ ಮೇಲೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಹಳೆ ಗ್ರೀಸ್, ಧೂಳು ಪೂರ್ತಿ ತೆಗೆಯಿರಿ. ಆಮೇಲೆ ಲಿಥಿಯಂ ಗ್ರೀಸನ್ನು ತೆಳುವಾಗಿ ಹಚ್ಚಿ. ದಪ್ಪಗೆ ಬಳಿದರೆ ನಮ್ಮ ಧೂಳಿಗೆ ಆಹ್ವಾನ ಕೊಟ್ಟಂತೆ.

7. ಹಲ್ಲು ನೋಡಿ. ತುದಿ ಮೊಂಡಾಗಿದೆಯೇ? ಯಾವುದಾದರೂ ಚೂರಾಗಿದೆಯೇ? ಹೌದಾದರೆ ರಿಪೇರಿಯ ಮಾತು ಬಿಡಿ, ಬದಲಾಯಿಸಿ.

ಬೀಗ ಬಿತ್ತೇ? ಫಾರ್ವರ್ಡ್‌ನಲ್ಲಿ ಇಲ್ಲದ ಭಾಗ

ಸೀಟು ಬಾಗಿತು ಎಂದ ಕೂಡಲೇ ವಿಡಿಯೊ ಮುಗಿಯುತ್ತದೆ. ನಿಜವಾದ ಪರೀಕ್ಷೆ ಶುರುವಾಗುವುದು ಆಮೇಲೆ. ಕಾರು ನಿಂತಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ.

ಮೊದಲು ಹಿಡಿಕೆ ಬಿಟ್ಟು ನೋಡಿ. ಅದು ತಾನಾಗಿಯೇ ಪೂರ್ತಿ ಕೆಳಗೆ ಬರಬೇಕು. ನೀವು ಕೈಯಿಂದ ಒತ್ತಿ ಕೂರಿಸಬೇಕಾಗಿ ಬಂದರೆ ಕೊಕ್ಕೆಯ ಸ್ಪ್ರಿಂಗು ಸತ್ತಿದೆ ಅಥವಾ ಒಳಗಿನ್ನೂ ಅಂಟಿದೆ ಎಂದರ್ಥ.

ಆಮೇಲೆ ಒಂದೊಂದೇ ಹಂತದಲ್ಲಿ ಸೀಟು ನಿಲ್ಲಿಸಿ, ಹಿಡಿಕೆ ಮುಟ್ಟದೆ, ಬೆನ್ನಿನ ಮೇಲ್ಭಾಗವನ್ನು ಜೋರಾಗಿ ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ಅತಿ ಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ. ‘ಟಕ್’ ಎಂದು ಒಂದು ಹಲ್ಲು ಹಾರಿದರೆ ಆ ಸೀಟು ರಸ್ತೆಗೆ ಯೋಗ್ಯವಲ್ಲ.

ಕೊನೆಗೆ ಒಬ್ಬರು ಕೂತು ಬೆನ್ನನ್ನು ಬಲವಾಗಿ ಒತ್ತಲಿ, ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಕೂತು ಮೊಣಕಾಲಿನಿಂದ ತಳ್ಳಲಿ. ಹತ್ತು ಸಲ ಬಾಗಿಸಿ, ಹತ್ತು ಸಲ ನಿಲ್ಲಿಸಿ. ಒಂಬತ್ತು ಸಲ ಬೀಗ ಬಿದ್ದು ಒಂದು ಸಲ ತಪ್ಪಿದರೂ ‘ಸರಿಯಾಯಿತು’ ಎನ್ನಬೇಡಿ.

ಇಷ್ಟೆಲ್ಲ ಏಕೆ? ಲೆಕ್ಕ ನೋಡಿ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ. ಹಿಂದೆ 60 ಕಿಲೊ ತೂಕದ ಒಬ್ಬರು ಬೆಲ್ಟ್ ಇಲ್ಲದೆ ಕೂತಿದ್ದಾರೆ. ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಲ್ಲ ನಿಂತಿತು ಎಂದುಕೊಳ್ಳಿ. ಅವರ ದೇಹವನ್ನು ತಡೆಯಲು ಬೇಕಾಗುವ ಬಲ ಸುಮಾರು 850 ಕಿಲೊ ಭಾರಕ್ಕೆ ಸಮ. ಅವರ ಎದುರಿಗಿರುವುದು ನಿಮ್ಮ ಸೀಟಿನ ಬೆನ್ನು. ಹಿಂದಿನಿಂದ ಲಾರಿ ಗುದ್ದಿದರೆ ನಿಮ್ಮ ದೇಹವೇ ಆ ಬೆನ್ನನ್ನು ಹಿಂದಕ್ಕೆ ದೂಡುತ್ತದೆ. ಎರಡೂ ಸಲ ನಡುವೆ ನಿಲ್ಲುವುದು ಆ ಸಣ್ಣ ಕೊಕ್ಕೆ.

ಡಿಕ್ಕಿಯೇ ಆಗಬೇಕೆಂದಿಲ್ಲ. ಚಾಲಕರ ಸೀಟು ಓಡುವಾಗ ಹಿಂದಕ್ಕೆ ಬಿದ್ದರೆ ಕಾಲು ಬ್ರೇಕಿನಿಂದ ದೂರವಾಗುತ್ತದೆ, ಕೈ ಸ್ಟೀರಿಂಗನ್ನು ಹಿಡಿದು ಎಳೆಯುತ್ತದೆ. ಕಲಬುರಗಿ–ಹುಮನಾಬಾದ್ ದಾರಿಯಂಥ ಹೆದ್ದಾರಿಯಲ್ಲಿ ಅಂಥ ಎರಡು ಸೆಕೆಂಡು ಸಾಕು.

ಓಡಿಸಬಹುದೇ, ಬಾರದೇ?

ಸೀಟು ನೆಟ್ಟಗಿದ್ದು, ಗಟ್ಟಿಯಾಗಿ ಜಾಮ್ ಆಗಿದೆ, ತಳ್ಳಿದರೆ ಅಲುಗಾಡುವುದಿಲ್ಲ: ಗ್ಯಾರೇಜಿನವರೆಗೆ ಓಡಿಸಬಹುದು. ಅವಸರ ಬೇಡ.

ಚಾಲಕರ ಸೀಟು ಹಿಂದಕ್ಕೆ ಬಾಗಿದ ಸ್ಥಿತಿಯಲ್ಲಿ ಜಾಮ್ ಆಗಿದೆ: ಓಡಿಸಬೇಡಿ. ಮೆಕ್ಯಾನಿಕ್ಕನ್ನು ಕರೆಸಿ, ಇಲ್ಲವೇ ಟೋ ಮಾಡಿಸಿ.

ಪಕ್ಕದ ಸೀಟು ಬಾಗಿ ಜಾಮ್ ಆಗಿದೆ: ಅಲ್ಲಿ ಯಾರನ್ನೂ ಕೂರಿಸಬೇಡಿ. ಅದರ ಹಿಂದೆ ಮಕ್ಕಳನ್ನೂ ಕೂರಿಸಬೇಡಿ.

ಯಾವುದೇ ಸೀಟು ಒಮ್ಮೆ ನಿಂತು ಒಮ್ಮೆ ಜಾರುತ್ತದೆ: ಎಲ್ಲಕ್ಕಿಂತ ಅಪಾಯದ್ದು ಇದೇ. ಜಾಮ್ ಆಗಿಲ್ಲವಾದ್ದರಿಂದ ನಾವು ಇದನ್ನು ತೊಂದರೆ ಎಂದೇ ಎಣಿಸುವುದಿಲ್ಲ.

ಬಿಡಿಭಾಗ ಬೇಕಾದರೆ ಅದೇ ಮಾಡೆಲ್ಲಿನ ಗುಜರಿ ಕಾರಿನ ಸೀಟಿನಿಂದ ಜೋಡಿಯಾಗಿ, ಅಂದರೆ ಎರಡೂ ಬದಿಯದ್ದನ್ನು ತರುವುದು ಒಳ್ಳೆಯದು. ಗುಜರಿಯ ಭಾಗಕ್ಕೂ ಮೇಲೆ ಹೇಳಿದ ಪರೀಕ್ಷೆಯನ್ನೇ ಮಾಡಿ. ಬೇರೆ ಕಾರಿನ ಸೀಟು ಕೂರಿಸುವುದಾದರೆ ಬೆನ್ನಿನ ಬೀಗದಷ್ಟೇ ಮುಖ್ಯವಾದದ್ದು ಸೀಟನ್ನು ನೆಲಕ್ಕೆ ಹಿಡಿಯುವ ಬೋಲ್ಟು. ತುಕ್ಕು ತಿಂದ ನೆಲದ ತಗಡಿಗೆ ಎಂಥ ಹೊಸ ಸೀಟು ಕೂರಿಸಿದರೂ ವ್ಯರ್ಥ. ಮಿಸ್ತ್ರಿಗೆ ಬರೀ “ಸೀಟು ಬಾಗಂಗ ಮಾಡ್ರಿ” ಎನ್ನದೆ, “ಬೀಗ ಗಟ್ಟಿ ಬೀಳ್ತದಾ ನೋಡ್ರಿ” ಎಂದೂ ಹೇಳಿ. ಕೇಳಿದ್ದನ್ನಷ್ಟೇ ಮಾಡಿ ಕೊಟ್ಟರೆ ಅದು ಅವರ ತಪ್ಪಲ್ಲ.

ಸರಿಯಾದ ಸೀಟನ್ನೂ ಬಾಗಿಸಬಾರದ ಹೊತ್ತು

ರಿಪೇರಿ ಚೆನ್ನಾಗಿ ಆಯಿತು ಎಂದುಕೊಳ್ಳೋಣ. ಹಾಗೆಂದು ಪಕ್ಕದಲ್ಲಿ ಕೂತವರು ಸೀಟು ಬಾಗಿಸಿಕೊಂಡು ಮಲಗಿ ಪ್ರಯಾಣ ಮಾಡಬಹುದೇ? ಬೇಡ. ಸೀಟ್ ಬೆಲ್ಟ್ ಕೆಲಸ ಮಾಡುವುದು ಅದು ಭುಜ, ಎದೆ, ಸೊಂಟದ ಮೂಳೆಗೆ ತಾಗಿಕೊಂಡಿದ್ದರೆ ಮಾತ್ರ. ಬಾಗಿ ಮಲಗಿದಾಗ ಮೇಲಿನ ಪಟ್ಟಿ ಎದೆಯಿಂದ ದೂರ ಗಾಳಿಯಲ್ಲಿರುತ್ತದೆ. ಡಿಕ್ಕಿಯಾದರೆ ದೇಹ ಕೆಳಗಿನ ಪಟ್ಟಿಯಡಿ ಜಾರುತ್ತದೆ, ಪಟ್ಟಿ ಹೊಟ್ಟೆಗೋ ಕುತ್ತಿಗೆಗೋ ಸಿಕ್ಕಿಕೊಳ್ಳುತ್ತದೆ. ಸೀಟು ಬಾಗುವುದು ನಿಂತ ಕಾರಿನಲ್ಲಿ ವಿಶ್ರಾಂತಿಗೆ, ಓಡುವ ಕಾರಿನಲ್ಲಿ ನಿದ್ದೆಗೆ ಅಲ್ಲ.

ನಿಂತ ಕಾರಿನಲ್ಲೂ ಒಂದು ಎಚ್ಚರ ಬೇಕು. ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ, ಸೀಟು ಬಾಗಿಸಿ ಮಲಗಬೇಡಿ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ನಮ್ಮ ದೇಶದ ಪೆಟ್ರೋಲ್ ಕಾರುಗಳಿಗೆ ಬರತೊಡಗಿದ್ದು 1995ರಲ್ಲಿ, ಅದೂ ಮೊದಲಿಗೆ ನಾಲ್ಕು ಮಹಾನಗರಗಳಲ್ಲಿ. ಅದಕ್ಕಿಂತ ಹಳೆ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಶೆಡ್ಡಿನಲ್ಲಂತೂ ಎಂಜಿನ್ ಚಾಲೂ ಇಡಲೇಬಾರದು.

ಫಾರ್ವರ್ಡ್ ಮಾಡುವ ಮುನ್ನ

ರಿಪೇರಿಯ ಸಲಹೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ಕಾರಿನ, ಯಾವ ಬಗೆಯ ಸೀಟಿಗೆ ಎಂದು ಹೇಳಿದೆಯೇ? ಮಾಡುವಾಗಿನ ಅಪಾಯ ಹೇಳಿದೆಯೇ? ಮಾಡಿದ ಮೇಲೆ ಪರೀಕ್ಷಿಸುವುದು ಹೇಗೆಂದು ಹೇಳಿದೆಯೇ? ಮೂರನೆಯದಕ್ಕೆ ಉತ್ತರವಿಲ್ಲದ ಸಲಹೆ ಅರ್ಧ ಸಲಹೆ. ಅದನ್ನು ಹಾಗೇ ಹಂಚಿದರೆ ಯಾರದೋ ಮನೆಯವರು ಆ ಅರ್ಧ ಬೀಗದ ಮೇಲೆ ಬೆನ್ನು ಕೊಟ್ಟು ಕೂರುತ್ತಾರೆ.

ಹಂಚಲೇಬೇಕೆಂದಿದ್ದರೆ ಇಷ್ಟನ್ನು ಹಂಚಿ: ಮೊದಲು ಬೆನ್ನಿನ ಭಾರ ತೆಗೆದು ಅಲುಗಾಡಿಸಿ ನೋಡಿ. ಅಡುಗೆ ಎಣ್ಣೆ, ಪೆಟ್ರೋಲ್, ಉರಿ, ಸುತ್ತಿಗೆ ಬೇಡ. ಸೀಟು ಬಿಟ್ಟ ಮೇಲೆ ಹತ್ತು ಸಲ ಬೀಗ ಪರೀಕ್ಷಿಸಿ. ಒಂದು ಸಲ ತಪ್ಪಿದರೂ ಆ ಸೀಟಿನಲ್ಲಿ ಯಾರೂ ಕೂರಬೇಡಿ.